ಹಳದಿ ಮೀನಿನ ಬುತ್ತಿ

ಸಮುದ್ರದ ನೀರು ತುಂಬಿದ ಒಂದು ಗಾಜಿನ ತೊಟ್ಟಿಯಲ್ಲಿ ಹಳದಿ ಮೀನೂ ಏಡಿಯೂ ವಾಸವಾಗಿದ್ದವು. ಮೀನಿಗೆ ನಾಳೆಯ ಚಿಂತೆ ಹೆಚ್ಚು. ಮೇಲಿನಿಂದ ಬಿದ್ದ ಆಹಾರದಲ್ಲಿ ತಿಂದು ಮಿಕ್ಕಿದ್ದನ್ನೆಲ್ಲ ಅದು ಬಂಡೆಯ ಸಂದಿಯಲ್ಲಿ ತುರುಕಿ ಕಾಯುತ್ತಿತ್ತು.

ಒಂದು ದಿನ ಏಡಿ ಬಂದು, "ಮೀನಣ್ಣ, ನಿನ್ನ ಬುತ್ತಿ ಕೊಳೆಯುತ್ತಿದೆ. ಅದರ ವಿಷ ನೀರಿಗೆ ಸೇರುತ್ತಿದೆ. ತೆಗೆದುಬಿಡೋಣ" ಎಂದಿತು.

"ಬುತ್ತಿ ನನ್ನದು, ನಿನಗೇಕೆ ಚಿಂತೆ? ನೀರು ಎಷ್ಟು ತಿಳಿಯಾಗಿದೆ ನೋಡು" ಎಂದಿತು ಮೀನು.

"ಈ ವಿಷಕ್ಕೆ ಬಣ್ಣವಿಲ್ಲ. ಅದು ಕಣ್ಣಿಗೆ ಕಾಣಲಿ ಎಂದು ನಾನು ಕಾಯಲಾರೆ."

ಹೀಗೆಂದು, ಕೊಳೆತದ್ದನ್ನೂ ಅರಗಿಸಿಕೊಳ್ಳಬಲ್ಲ ಏಡಿ ಸಂದಿಗೆ ನುಗ್ಗಿ, ಕೊಳೆತ ಚೂರೊಂದನ್ನು ಎಳೆದು ತಿನ್ನತೊಡಗಿತು. ಮೀನು ಸಿಟ್ಟಿನಿಂದ ಅದರ ಕಾಲೊಂದನ್ನು ಕಚ್ಚಿ ಮುರಿಯಿತು. ಏಡಿ ಹೊರಟುಹೋಯಿತು. ಮರುದಿನ ಉಳಿದ ಕಾಲುಗಳಲ್ಲಿ ಕುಂಟುತ್ತ ಮತ್ತೆ ಬಂತು. ಮೀನು ಅಟ್ಟಿತು. ಅದರ ಮರುದಿನವೂ ಏಡಿ ಬಂತು.

ನಾಲ್ಕನೆಯ ದಿನ ಮೀನಿನ ಕಿವಿರುಗಳು ಉರಿಯತೊಡಗಿದವು. ಉಸಿರು ಸಾಲದೆ ಅದು ಮೇಲಕ್ಕೇರಿ ಬಾಯಿ ಬಾಯಿ ಬಿಟ್ಟಿತು. ಕೆಳಗೆ ನೋಡಿದರೆ, ಏಡಿಯೂ ಏದುಸಿರು ಬಿಡುತ್ತಲೇ ಚೂರುಗಳನ್ನು ಎಳೆಯುತ್ತಿತ್ತು.

ಮೀನು ನಾಚಿ ಕೆಳಗಿಳಿಯಿತು. ಏಡಿಗೆ ಎಟುಕದ ಮೂಲೆಯಲ್ಲಿದ್ದ ಚೂರುಗಳನ್ನು ತಾನೇ ಕಚ್ಚಿ ತಂದು ಅದರ ಮುಂದೆ ಹಾಕಿತು. ಎಲ್ಲವೂ ತೀರಿದ ಮೇಲೆ, ಕೆಲವು ದಿನಗಳಲ್ಲಿ ಉರಿ ತಗ್ಗಿತು.

"ನಿನ್ನ ಕಾಲು ಮುರಿದವನನ್ನು ಏಕೆ ಉಳಿಸಿದೆ?" ಎಂದು ಮೀನು ಕೇಳಿತು.

"ನಿನ್ನ ಕಿವಿರಿಗೆ ಹೋದ ನೀರೇ ನನ್ನ ಕಿವಿರಿಗೂ ಬರುತ್ತದೆ. ನಾಳೆಯೂ ಬಂದು ನೋಡುತ್ತೇನೆ" ಎಂದಿತು ಏಡಿ.