ಶಾಲು ಹಿಡಿದು ಹೋದ ನೇಕಾರ

“ಗುರುಗಳೇ, ಯಾವುದರಿಂದ ನಾವು ಬದುಕಿದೆವೋ ಅದನ್ನೇ ಒಂದು ದಿನ ಸಾಕು ಎನ್ನುವವನು ಉಪಕಾರ ಮರೆತವನಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಪಟ್ಟಣದಲ್ಲಿ ಒಬ್ಬ ನೇಕಾರನಿದ್ದ. ಮೂವತ್ತು ವರ್ಷ ಕಾಲಿನಿಂದ ಮಗ್ಗ ತುಳಿದು ಅವನ ಮಂಡಿಗಳು ಸೋತಿದ್ದವು. ಇನ್ನು ನೇಯ್ಗೆ ಬಿಡಬೇಕು ಎಂದುಕೊಂಡಿದ್ದಾಗ ಪಟ್ಟಣಕ್ಕೆ ಕರೆಂಟು ಬಂತು. ಅವನು ಕರೆಂಟಿನ ಮಗ್ಗ ಹಾಕಿಸಿದ. ಕಾಲಿಗೆ ಬಿಡುವು ಸಿಕ್ಕಿತು, ಮನೆಯ ಅನ್ನ ಉಳಿಯಿತು.

ಇಷ್ಟು ಮಾಡಿದವರಿಗೆ ಕೈಮುಗಿಯದೆ ಇರುವುದು ಹೇಗೆ ಎಂದು ನೇಕಾರ ಒಂದು ಶಾಲು ನೇಯ್ದ. ಕರೆಂಟು ಕೊಟ್ಟವರಿಗೆ ಹೊದಿಸಿ ಬರಲು ಹೊರಟ. ಕರೆಂಟಿನ ಕಚೇರಿಯ ಅಧಿಕಾರಿ, ಕೊಡುವವನು ತಾನಲ್ಲ, ಅದು ಬರುವುದು ದೂರದ ವಿದ್ಯುತ್ ಸ್ಥಾವರದಿಂದ ಎಂದ. ಸ್ಥಾವರದ ಕೆಲಸಗಾರರ ರೆಪ್ಪೆಗಳ ಮೇಲೂ ಬೂದಿ ಕೂತಿತ್ತು. ಕಲ್ಲಿದ್ದಲು ಬರದಿದ್ದರೆ ತಮ್ಮದೇನೂ ನಡೆಯದು, ಗಣಿಗೆ ಹೋಗು ಎಂದರು. ನೇಕಾರ ಅವರಿಗೂ ನಮಸ್ಕರಿಸಿ, ರೈಲು ಹತ್ತಿ ಗಣಿಯ ಊರಿಗೆ ಹೋದ.

ಅಲ್ಲಿ ಅರ್ಧ ಊರು ಮಾತ್ರ ಇತ್ತು. ಉಳಿದದ್ದು ಗಣಿಯ ಹೊಂಡದ ಪಾಲಾಗಿತ್ತು. ಹೊಂಡದ ಅಂಚಿನ ಮನೆಯಲ್ಲಿದ್ದ ಹೆಂಗಸು ಬಂದವನನ್ನು ಕೂರಿಸಿ ಅರ್ಧ ಚೊಂಬು ನೀರು ಕೊಟ್ಟಳು. ಬಾವಿ ಬತ್ತಿ ಆರು ವರ್ಷವಾಯಿತು, ಟ್ಯಾಂಕರು ವಾರಕ್ಕೊಮ್ಮೆ ಬರುತ್ತದೆ ಎಂದು ಸಂಕೋಚಪಟ್ಟಳು. ಹೊಲ ಎಲ್ಲಿದೆ ಎಂದು ನೇಕಾರ ಕೇಳಿದ. ಅವಳು ಹೊಂಡದ ನಡುವಿಗೆ ಬೆರಳು ತೋರಿಸಿದಳು. ಅಲ್ಲಿ ಬರೀ ಗಾಳಿಯಿತ್ತು.

ನೇಕಾರ ಬಂದ ಕಾರಣ ಹೇಳಿ, ಶಾಲನ್ನು ಅವಳ ಮುಂದಿಟ್ಟು ಕೈಮುಗಿದ. ಅವಳು ಅದನ್ನು ಕೈಗೆತ್ತಿಕೊಂಡು ಹೇಳಿದಳು:

“ಅಣ್ಣ, ಬಾವಿ ಬತ್ತಿದಾಗ ನಾವು ಸರ್ಕಾರದವರ ಹತ್ತಿರ ಹೋದೆವು. ಗಣಿ ನಿಂತರೆ ಪಟ್ಟಣದವರ ಮನೆ ಕತ್ತಲಾಗುತ್ತದೆ ಎಂದರು. ನಿಮ್ಮ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸಿದರು. ಆ ಪಟ್ಟಣದವರಲ್ಲಿ ಒಬ್ಬರ ಮುಖ ನಾನು ನೋಡಿದ್ದು ಇವತ್ತೇ.”

ಅವಳು ಶಾಲು ಹೊದ್ದುಕೊಂಡಳು. ಅವನಿಗೆ ಊಟ ಹಾಕಿ, ದಾರಿಗೆ ರೊಟ್ಟಿ ಕಟ್ಟಿಕೊಟ್ಟಳು. ಒಂದು ಕೆಟ್ಟ ಮಾತೂ ಆಡಲಿಲ್ಲ.

ನೇಕಾರ ಹಿಂತಿರುಗಿದ ತಿಂಗಳೇ, ಗಣಿಯ ಒಡೆಯ ಉಳಿದ ಅರ್ಧ ಊರನ್ನೂ ಅಗೆಯಲು ಹೊರಟ. ಪಟ್ಟಣದವರು ತಮಗಿದು ಬೇಕೆಂದು ಸರ್ಕಾರಕ್ಕೆ ಬರೆದುಕೊಡಲಿ ಎಂದು ಕಾಗದ ಕಳುಹಿಸಿದ. ಅನ್ಯಾಯವೆಂದು ಹಿರಿಯರಿಗೆ ಗೊತ್ತಿತ್ತು. ಆದರೆ ಅವನು ಮುನಿದರೆ ಕಲ್ಲಿದ್ದಲು ನಿಲ್ಲುತ್ತದೆಂಬ ಹೆದರಿಕೆಯಲ್ಲಿ, ಅವನು ತೋರಿಸಿದಲ್ಲಿ ಸಹಿ ಹಾಕುವುದು ಅವರಿಗೆ ಎಂದೋ ರೂಢಿಯಾಗಿತ್ತು. ಸಭೆಯಲ್ಲಿ ನೇಕಾರ ಎದ್ದು ನಿಂತ.

“ಈ ಕರೆಂಟಿನಿಂದ ನನ್ನ ಮಕ್ಕಳು ಉಂಡಿದ್ದಾರೆ. ನಮಗೆ ಅನ್ನ ಕೊಟ್ಟವರನ್ನು ಮನೆಯಿಂದ ಎಬ್ಬಿಸುವ ಕಾಗದದಲ್ಲಿ ನನ್ನ ಹೆಸರು ಬೇಡ. ನಾಳೆಯಿಂದ ನನ್ನ ಮಗ್ಗ ಅರ್ಧ ದಿನ ಮಾತ್ರ ನಡೆಯಲಿ.”

ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಅವನು ಅರ್ಧ ಚೊಂಬು ನೀರಿನ ವಿಷಯ ಹೇಳಿದ. ಒಬ್ಬೊಬ್ಬರೇ ನೇಕಾರರು ಎದ್ದು ಅವನ ಪಕ್ಕಕ್ಕೆ ಬಂದರು. ಹಿರಿಯರು ಮೊದಲ ಬಾರಿಗೆ ಸಹಿ ಹಾಕದೆ ಕಾಗದ ಹಿಂದಿರುಗಿಸಿದರು.

ಒಡೆಯ ಮುನಿದ, ಕಲ್ಲಿದ್ದಲು ಕಡಿಮೆ ಮಾಡಿದ. ಒಂದು ವರ್ಷ ಪಟ್ಟಣ ಕಷ್ಟಪಟ್ಟಿತು. ನೇಯ್ಗೆ ಇಳಿಯಿತು, ನೇಕಾರನ ಮನೆಯಲ್ಲೂ ಊಟ ತೆಳುವಾಯಿತು. ನಿಧಾನವಾಗಿ ಮನೆಮನೆಯ ತಾರಸಿಯ ಮೇಲೆ ಸೌರಫಲಕಗಳು ಬಂದವು. ಬಿಸಿಲಿದ್ದಷ್ಟು ಹೊತ್ತು ಮಗ್ಗಗಳು ನಡೆದವು. ಪಟ್ಟಣದ ಸಹಿಯಿಲ್ಲದೆ ಅಗೆಯಲು ಸರ್ಕಾರದ ಒಪ್ಪಿಗೆ ಸಿಗದೆ, ಅರ್ಧ ಊರು ಊರಾಗಿಯೇ ಉಳಿಯಿತು. ಅಗೆತ ಅಲ್ಲಿಗೇ ನಿಂತು, ಕೆಲವು ವರ್ಷಗಳ ಮೇಲೆ ಅಲ್ಲಿಯ ಬಾವಿಗೆ ನೀರು ಬಂತು. ತುಂಬಲಿಲ್ಲ, ಬಿಂದಿಗೆ ಮುಳುಗುವಷ್ಟು ಬಂತು.

ಗುರುಗಳು ಕತೆ ನಿಲ್ಲಿಸಿದರು.

“ಅಷ್ಟೆಲ್ಲ ಕಳೆದುಕೊಂಡ ಆ ಹೆಂಗಸು ಅವನನ್ನು ಏಕೆ ಶಪಿಸಲಿಲ್ಲ?” ಎಂದು ಶಿಷ್ಯ ಕೇಳಿದ. ಗುರುಗಳು ಹೇಳಿದರು:

“ಅವನು ಕೈಮುಗಿಯಲು ಅವಳ ಬಾಗಿಲಿಗೆ ಹೋಗಿದ್ದ, ನಾವಿನ್ನೂ ಹೋಗಿಲ್ಲ.”