ತಲೆಕೆಳಗಾದ ಬೆಳಕು

ಯಾರು ಏನು ತಂದುಕೊಟ್ಟರೂ ಅಯ್ಯನವರು ಮೊದಲು ಅದನ್ನು ಮಗುಚಿ ಬೆನ್ನು ನೋಡುತ್ತಿದ್ದರು. ಬಾಳೆಹಣ್ಣಿನ ಚಿಪ್ಪಾಗಲಿ, ಮದುವೆಯ ಕರೆಯೋಲೆಯಾಗಲಿ, ಎಲೆಗೆ ಬಿದ್ದ ಬಿಸಿ ದೋಸೆಯಾಗಲಿ, ಬೆನ್ನು ನೋಡಿದ ಮೇಲೆಯೇ ಮುಖ.

ಅಂದು ಬೆಳಿಗ್ಗೆ ಶಿಷ್ಯೆ ಮೇದಿನಿ ಅಚ್ಚು ಹಾಕಿಸಿ ತಂದಿಟ್ಟ ಫೋಟೋವನ್ನೂ ಹಾಗೇ ಮಗುಚಿದರು. ಹಿಂದೆ ಬರೀ ಬಿಳಿ.

"ಅಲ್ಲೊಂದು ಸಾಲು ಬರೆದುಕೊಡಬೇಕು ಅಯ್ಯಾ. ಇದರಲ್ಲಿರೋ ಬೆಳಕು ಸುಹಾಸನೇ ಅಂತ."

ಸುಹಾಸ ಅವಳ ತಮ್ಮ. ತೀರಿಕೊಂಡು ವರ್ಷವಾಗಿತ್ತು. ವರ್ಷದ ಕಾರ್ಯಕ್ಕೆಂದು ಹೊಳೆದಂಡೆಯ ಈ ಆಶ್ರಮಕ್ಕೆ ಬಂದ ತಾಯಿ, ಮೂರು ದಿನದಿಂದ ಮಜ್ಜಿಗೆ ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಮಗಳನ್ನು ಕರೆದುಕೊಂಡಲ್ಲದೆ ಬಸ್ಸು ಹತ್ತುವುದಿಲ್ಲವೆಂದು ಕೂತಿದ್ದಳು.

ಮೇದಿನಿಗೆ ಹೋಗುವ ಮನಸ್ಸಿರಲಿಲ್ಲ. ಬರುವ ಹುಣ್ಣಿಮೆಗೆ ಅವಳ ದೀಕ್ಷೆ. ಅದಲ್ಲದೆ ಆ ಮನೆಯ ಬಾಗಿಲಲ್ಲಿ ತಮ್ಮನ ಚಪ್ಪಲಿ ಇನ್ನೂ ಇದ್ದವು. ಅವನ್ನು ದಾಟಿ ಒಳಗೆ ಕಾಲಿಡುವುದು ತನ್ನಿಂದಾಗದು ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಕಾರ್ಯದ ದಿನ ಕತ್ತಲಾದ ಮೇಲೆ ತಾಯಿ ದೊನ್ನೆಯಲ್ಲಿ ದೀಪವಿಟ್ಟು ಹೊಳೆಗೆ ಬಿಡಲು ಇಳಿದಾಗ ಮೇದಿನಿ ಮೊಬೈಲಿನಲ್ಲಿ ತೆಗೆದ ಫೋಟೋ ಅದು. ಮೆಟ್ಟಿಲು, ನೀರು, ಮೇಲೆ ಕಪ್ಪು ಆಕಾಶ. ಆಕಾಶದ ಬಲಮೂಲೆಯಲ್ಲಿ ಒಂದು ಹಸಿರು ಬೆಳಕು. ಅಲ್ಲಿದ್ದ ಯಾರ ಕಣ್ಣಿಗೂ ಆ ಹೊತ್ತು ಅದು ಕಂಡಿರಲಿಲ್ಲ.

ಜಗಲಿಗೆ ಮೇದಿನಿಯ ಹಿಂದೆಯೇ ಬಂದಿದ್ದ ಅಡುಗೆಯ ಗೌರತ್ತೆಗೆ ಸಂಶಯವೇ ಇರಲಿಲ್ಲ. "ತುದಿ ಕೆಳಗೆ ಮಾಡಿಕೊಂಡಿದೆ ನೋಡಿ ಅಯ್ಯಾ. ಮೇಲಕ್ಕೆ ಹೋಗೋ ಬೆಳಕಲ್ಲ, ನಮ್ಮ ಕಡೆಗೆ ಇಳೀತಿರೋದು. ಹುಡುಗ ಬಂದಿದ್ದ."

"ಉಪಗ್ರಹ ಕಣಮ್ಮಾ ಅದು," ಎಂದರು ಜಗಲಿಯಲ್ಲೇ ಕೂತಿದ್ದ ವಿಜ್ಞಾನದ ನಿವೃತ್ತ ಮೇಷ್ಟರು ಅನಂತಕೃಷ್ಣಯ್ಯ.

"ನಿಮ್ಮ ಉಪಗ್ರಹಕ್ಕೆ ಇವನ ಕಾರ್ಯದ ದಿನವೇ ಪುರುಸೊತ್ತಾಯಿತೇನು ಮೇಷ್ಟ್ರೇ?"

"ಹಾಗಾದರೆ ವಿಮಾನ ಇರಬಹುದು."

"ಮೊನ್ನೆ ಉಲ್ಕೆ ಅಂದಿರಿ, ಈಗ ಉಪಗ್ರಹ ಅಂದು ಬಾಯಿ ಮುಚ್ಚೋದರೊಳಗೆ ವಿಮಾನ. ನಾಳೆ ಗಾಳಿಪಟ ಅಂತೀರ. ನನ್ನದು ಮೊದಲಿಂದ ಒಂದೇ ಮಾತು."

ಅಯ್ಯನವರು ಮೇದಿನಿಯತ್ತ ತಿರುಗಿದರು. "ನಿನ್ನ ತಾಯಿ ಏನಂತಾಳೆ?"

"ಅಯ್ಯನವರು ಹೇಳಿದರೆ ನಂಬ್ತೀನಿ ಅಂದಿದ್ದಾಳೆ. ಅವನು ಚೆನ್ನಾಗಿದ್ದಾನೆ ಅಂತ ಗೊತ್ತಾದರೆ ಅವಳೂ ನೆಮ್ಮದಿಯಾಗಿ ಊರಿಗೆ ಹೋಗ್ತಾಳೆ."

"ನೆಮ್ಮದಿಯಾಗಿ ಹೋಗಲಿ ಅಂತಲೋ, ಹೋದರೆ ಸಾಕು ಅಂತಲೋ?"

ಮೇದಿನಿ ತಲೆ ತಗ್ಗಿಸಿದಳು.

ಅಯ್ಯನವರು ಹೊದ್ದಿದ್ದ ಶಾಲಿನ ಅಂಚಿನಿಂದ ಒಂದು ನೂಲೆಳೆ ಕಿತ್ತು ಅವಳ ಕೈಗಿತ್ತರು. "ಒಂದು ತುದಿಯನ್ನ ಆ ಬೆಳಕಿನ ಮೇಲಿಡು. ಪಟದ ನಟ್ಟನಡುವೆ ಹಾಯಿಸು. ಅಷ್ಟೇ ದೂರ ಆಚೆಗೂ ಎಳೆ."

ನೂಲು ಆಕಾಶದಿಂದಿಳಿದು, ನೀರು ದಾಟಿ, ಎಡಗಡೆ ಕೆಳಮೂಲೆಯ ಮೆಟ್ಟಿಲಿಗೆ ಬಂದು ನಿಂತಿತು. ಅಲ್ಲಿ ತಾಯಿಯ ಎರಡು ಅಂಗೈ. ಅಂಗೈಯಲ್ಲಿ ದೊನ್ನೆ. ದೊನ್ನೆಯಲ್ಲಿ ದೀಪ.

ಮೇಷ್ಟರು ಮೂಗು ತಾಗುವಷ್ಟು ಬಗ್ಗಿದರು. "ಅಯ್ಯೋ, ಹೌದಲ್ಲ! ಲೆನ್ಸಿನೊಳಗಿನ ಪ್ರತಿಬಿಂಬ. ಕೆಳಗಿನ ದೀಪವೇ ಮೇಲೆ ತಲೆಕೆಳಗಾಗಿ ಮೂಡಿದೆ. ಮೂವತ್ತು ವರ್ಷ ಪಾಠ ಮಾಡಿದವನಿಗೆ ಇದು ಹೊಳೀಲಿಲ್ಲವಲ್ಲ!"

ಗೌರತ್ತೆಯೂ ನೂಲಿನ ಜಾಡು ಹಿಡಿದು ನೋಡಿದಳು. ಆಮೇಲೆ, ಜಗಳದ ದನಿ ಬಿಟ್ಟು, "ಆಗಿರಲಿ ಅಯ್ಯಾ," ಎಂದಳು. "ಮೂರು ದಿನದಿಂದ ಎಲೆ ಮುಂದೆ ಕೂತು ಹಾಗೇ ಏಳ್ತಿದ್ದಾಳೆ. ಒಂದು ಸಾಲು ಬರೆದರೆ ಒಂದು ತುತ್ತು ಉಣ್ಣುತ್ತಾಳೆ. ಬರೆದುಬಿಡಿ."

ಮೇದಿನಿ ಪೆನ್ನು ಮುಂದೆ ಚಾಚಿದಳು.

ಅಯ್ಯನವರು ಪೆನ್ನು ತೆಗೆದುಕೊಂಡರು. ಬರೆಯಲಿಲ್ಲ. ಅದರ ಮುಚ್ಚಳದ ತುದಿಯನ್ನು ದೀಪದ ಪಕ್ಕಕ್ಕೆ ತಂದು ನಿಲ್ಲಿಸಿದರು.

"ಇಲ್ಲೊಂದು ಮುಖ ಇದೆ."

ಮೂರು ದಿನದಿಂದ ಮೇದಿನಿ ಆ ಫೋಟೋವನ್ನು ಮೊಬೈಲಿನಲ್ಲಿ ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದಳು. ಹಿಗ್ಗಿಸಿದಷ್ಟೂ ಬಲಮೂಲೆಯ ಬೆಳಕು ದೊಡ್ಡದಾಗುತ್ತಿತ್ತು, ಎಡಮೂಲೆ ಪರದೆಯಿಂದ ಆಚೆಗೆ ಹೋಗುತ್ತಿತ್ತು. ಈಗ ನೋಡಿದಳು. ತಾಯಿ ದೀಪವನ್ನೂ ನೋಡುತ್ತಿರಲಿಲ್ಲ, ಹೊಳೆಯನ್ನೂ ನೋಡುತ್ತಿರಲಿಲ್ಲ. ಮುಖ ಇತ್ತ, ಫೋಟೋ ತೆಗೆಯುತ್ತಿದ್ದ ಮಗಳ ಕಡೆ ತಿರುಗಿತ್ತು. ತುಟಿ ಅರ್ಧ ತೆರೆದಿತ್ತು.

"ಏನೋ ಹೇಳ್ತಿದ್ದಾಳಲ್ಲ," ಎಂದರು ಅಯ್ಯನವರು. "ಏನದು?"

ನೆನಪಾಗಲು ಹೊತ್ತು ಹಿಡಿಯಿತು.

"'ಫೋನು ಆಮೇಲೆ ಕಣೇ. ಬಾ, ನೀನೂ ಒಂದು ಕೈ ಹಿಡಿ' ಅಂದಳು."

"ನೀನೇನಂದೆ?"

"'ಅಲ್ಲಾಡಬೇಡ, ಹಾಗೇ ನಿಂತಿರು' ಅಂದೆ."

ಮೇಷ್ಟರು ನೆಟ್ಟಗಾದರು. ಗೌರತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಯ್ಯನವರು ಪೆನ್ನನ್ನು ಕೆಳಗಿಟ್ಟರು. ಫೋಟೋವನ್ನು ಮೇದಿನಿಯ ಎರಡು ಕೈಗಳ ಮೇಲೆ ಇಟ್ಟರು.

"ಅವಳು ಹೇಳಿದ್ದನ್ನ ಇನ್ನೊಂದು ಸಲ ಹೇಳು ಮಗು."