ನಿಲ್ಲುವುದನ್ನು ಬಲ್ಲ ಕೋಲು

ಪಂಪು ರಿಪೇರಿಯ ಹೊನ್ನೂರಪ್ಪ ಗುದ್ದಲಿಯ ಮುರಿದ ಕಾವನ್ನು ಕೆತ್ತಿ ಸಣ್ಣ ಕೋಲು ಮಾಡಿದ. ತುದಿ ಸೀಳಿ, ಅದರಲ್ಲಿ ಉಪ್ಪುಕಾಗದದ ಪಟ್ಟಿ ಸಿಕ್ಕಿಸಿ ಸುತ್ತಿದ. ಇನ್ನೊಂದು ತುದಿಯನ್ನು ಡ್ರಿಲ್ಲಿಂಗ್ ಯಂತ್ರಕ್ಕೆ ಕಚ್ಚಿಸಿದ. ಪಂಪಿನ ತುಕ್ಕು ಹಿಡಿದ ಸಿಲಿಂಡರನ್ನು ಶುದ್ಧ ಮಾಡುವ ಕೆಲಸ ತನ್ನದೆಂದು ತಿಳಿದು ಕೋಲು ಬೀಗಿತು.

ಸಿಲಿಂಡರು ಹೇಳಿತು, "ಅಣ್ಣಾ, ನನ್ನ ಒಳಗೋಡೆ ಈಗಾಗಲೇ ಸವೆದಿದೆ. ಹೆಚ್ಚು ಉಜ್ಜಿದರೆ ಪಿಸ್ಟನ್ ಸಡಿಲಾಗಿ ನಾನು ಗುಜರಿ ಸೇರುತ್ತೇನೆ."

"ತುಕ್ಕು ಮಾತ್ರ ನನ್ನದು, ಕಬ್ಬಿಣ ನಿನ್ನದು. ಹೆದರಬೇಡ," ಎಂದಿತು ಕೋಲು.

ಯಂತ್ರ ತಿರುಗಿತು. ಕೆಂಪು ಪುಡಿಯೆಲ್ಲ ಉದುರಿ ಒಳಗೆ ನುಣುಪಾದ ಕಬ್ಬಿಣ ಕಂಡಾಗ ಕೋಲು, "ಇನ್ನು ಸಾಕು," ಎಂದಿತು.

"ಸಾಕೆನ್ನಲು ನೀನ್ಯಾರು? ತಿರುಗಿಸುವವನು ನಾನು. ಕನ್ನಡಿಯಂತೆ ಹೊಳೆಯುವವರೆಗೂ ಉಜ್ಜು," ಎಂದು ಯಂತ್ರ ಗದರಿತು.

ಕೋಲು ವಾದಕ್ಕಿಳಿಯಲಿಲ್ಲ. ತನ್ನ ಸೀಳನ್ನು ಸಡಿಲಿಸಿ ಕಾಗದವನ್ನು ಬಿಟ್ಟುಕೊಟ್ಟಿತು. ಕಾಗದ ಹರಿದು ಹೊರಗೆ ಹಾರಿತು. ಬರಿಯ ಮರ ಸಿಲಿಂಡರಿನೊಳಗೆ ಸುಮ್ಮನೆ ತಿರುಗಿತು. ಹೊನ್ನೂರಪ್ಪ ಯಂತ್ರ ನಿಲ್ಲಿಸಿ, ಸಿಲಿಂಡರನ್ನು ಒರೆಸಿ, ಎಣ್ಣೆ ಹಚ್ಚಿದ ಪಿಸ್ಟನ್ ಇಳಿಬಿಟ್ಟ. ಅದು ಎಲ್ಲೂ ತಡೆಯದೆ, ಎಲ್ಲೂ ಅಲುಗಾಡದೆ ಮೆಲ್ಲಗೆ ಇಳಿಯಿತು.

"ಕಾಗದ ಕಳೆದುಕೊಂಡು ಬರಿ ಕಟ್ಟಿಗೆಯಾದೆಯಲ್ಲ," ಎಂದು ಯಂತ್ರ ಹಂಗಿಸಿತು.

"ನನಗೆ ಇನ್ನೊಂದು ಕಾಗದ ಸುತ್ತುತ್ತಾರೆ. ಸಿಲಿಂಡರಿನಿಂದ ಸವೆದುಹೋದ ಕಬ್ಬಿಣವನ್ನು ಮತ್ತೆ ತಂದು ಹಚ್ಚುವವರು ಯಾರು?" ಎಂದಿತು ಕೋಲು.

ಸಂಜೆ ಅಂಗಳದಲ್ಲಿ ಅದೇ ಪಂಪು ನೀರೆತ್ತಿ ತೊಟ್ಟಿಗೆ ಸುರಿಯತೊಡಗಿತು. ಕೋಲು ಆ ನೀರಿನ ಸದ್ದನ್ನು ತಲೆಯೆತ್ತಿ ಕೇಳಿತು.